ಸಾಜಿದಾಳ ಹೆಸರಿನಲ್ಲಿ ನಾನು ಅಳಿಸಿದ ಫೈಲು

ಆ ಫೈಲನ್ನು ಅಳಿಸಿದವನು ನಾನು. ಸಾಜಿದಾ ಅಲ್ಲ. ಐಗಳಿಯಲ್ಲಿ, ಅಥಣಿಯಲ್ಲಿ, ಕಾಗವಾಡದಲ್ಲಿ ಎಷ್ಟೋ ಜನ ಅವಳ ಹೆಸರು ಹಿಡಿದು ಬೈದರು, ಇವತ್ತಿಗೂ ಕೆಲವರು ಬೈಯುತ್ತಾರೆ. ಅವರೆಲ್ಲ ಬೈಯಬೇಕಾಗಿದ್ದದ್ದು ನನ್ನನ್ನು. ನನ್ನ ಹೆಸರು ಅಜಿತ. ಊರು ಕಾಗವಾಡ. ಕೆಲಸ ಚಿಕ್ಕೋಡಿಯಲ್ಲಿ — ಇತ್ತು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಸಾಜಿದಾಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ತಪ್ಪೊಪ್ಪಿಕೊಳ್ಳುವವನ ಮನಸ್ಸು ಮೆತ್ತಗಾಗಿರುತ್ತದೆ ಎಂದು ನೀವು ಅಂದುಕೊಂಡಿದ್ದರೆ — ನನ್ನದು ಆಗಿಲ್ಲ. ಅವಳ ನಾಲಿಗೆ ಹರಿತ, ಅವಳ ಕಣ್ಣಿನಲ್ಲಿ ನಾನು ಯಾವತ್ತೂ ದಡ್ಡ. ಅದೆಲ್ಲ ನಿಜ. ಆದರೆ ನಾನು ಮಾಡಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ. ಅದನ್ನು ಒಪ್ಪಿಕೊಳ್ಳಲು ನನಗೆ ಮೂರು ವರ್ಷ ಹಿಡಿಯಿತು.

ನಮ್ಮದು ಐದು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿ. ಚಿಕ್ಕೋಡಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಕೆಳಗೆ ಮೋಟರ್ ರಿಪೇರಿ ಅಂಗಡಿ, ಮೇಲೆ ನಾವು. ಮಾಲೀಕರು ಪ್ರಕಾಶ ಸರ್. ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ನಾವು ಕಟಾವಿನ ಪಾಳಿಯ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಯಾವ ರೈತ ಯಾವ ತಾರೀಖಿಗೆ ಕಬ್ಬು ನಾಟಿ ಮಾಡಿದ, ಅದು ಎಷ್ಟು ತಿಂಗಳದ್ದಾಯಿತು, ಕಡಿಯುವ ಗ್ಯಾಂಗು ಯಾರ ಹೊಲಕ್ಕೆ ಮೊದಲು ಹೋಗಬೇಕು — ಇದನ್ನು ಲೆಕ್ಕ ಹಾಕಿ ಪಟ್ಟಿ ಮಾಡುವ ಸಾಫ್ಟ್‌ವೇರು. ಈ ಸೀಮೆಯಲ್ಲಿ ಪಾಳಿ ಎಂದರೇನು ಎಂದು ಕಬ್ಬು ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಪಾಳಿ ತಪ್ಪಿದ ಕಬ್ಬು ನಿಂತಲ್ಲೇ ಒಣಗುತ್ತದೆ.

ಸಾಫ್ಟ್‌ವೇರನ್ನು ಯಾರೂ ಬುಡದಿಂದ ತಾವೇ ಬರೆಯುವುದಿಲ್ಲ. ತಾರೀಖು ಓದಲು ಒಂದು, ನಕ್ಷೆ ತೋರಿಸಲು ಒಂದು ಎಂದು ಬೇರೆಯವರು ಬರೆದಿಟ್ಟ ತುಂಡುಗಳನ್ನು ತಂದು ಜೋಡಿಸುತ್ತೇವೆ. ಅವಕ್ಕೆ ಲೈಬ್ರರಿ ಎನ್ನುತ್ತೇವೆ. ಬರೆದವರು ಎಲ್ಲೆಲ್ಲಿಯವರೋ. ಅವರು ಆಗಾಗ ಅದನ್ನು ಬದಲಿಸಿ ಹೊಸ ನಂಬರು ಕೊಡುತ್ತಿರುತ್ತಾರೆ. ಒಂದು ಲೈಬ್ರರಿ ಮತ್ತೊಂದನ್ನು ಬೇಡುತ್ತದೆ, ಆ ಮತ್ತೊಂದು ಇನ್ನೊಂದನ್ನು. ಹೀಗಾಗಿ ಯಾವ ಲೈಬ್ರರಿಯ ಯಾವ ನಂಬರನ್ನೇ ಬಳಸಬೇಕು ಎಂದು ಖಚಿತವಾಗಿ ಬರೆದಿಡುವ ಒಂದು ಪಟ್ಟಿ ಇರುತ್ತದೆ. ಲಾಕ್ ಫೈಲ್. ಅದು ಇರುವ ತನಕ ಇವತ್ತು ಕಟ್ಟಿದ ಸಾಫ್ಟ್‌ವೇರು ಬರುವ ವರ್ಷ ಕಟ್ಟಿದರೂ ಹಾಗೆಯೇ ಬರುತ್ತದೆ.

ಸಾಜಿದಾ ಬರುವ ಮುಂಚೆ ನಮ್ಮಲ್ಲಿ ಅಂಥ ಫೈಲೇ ಇರಲಿಲ್ಲ. ನಾನೇ ಅಲ್ಲಿ ಎಲ್ಲರಿಗಿಂತ ಹಳಬ, ಎಲ್ಲವೂ ನನ್ನ ಕೈ ಅಂದಾಜು. ಅವಳು ಕುಡಚಿಯಿಂದ ದಿನಾ ರಾಯಬಾಗದ ಮೇಲೆ ಬಸ್ಸಿನಲ್ಲಿ ಬರುತ್ತಿದ್ದಳು. ಸೇರಿದ ಎರಡನೇ ತಿಂಗಳಿಗೆ ಮೂಲೆಯ ಹಳೆಯ ಕಂಪ್ಯೂಟರನ್ನು ಒರೆಸಿ ಎಬ್ಬಿಸಿ, ಬಿಲ್ಡ್ ಮಾಡುವುದು, ಅಂದರೆ ಎಲ್ಲ ತುಂಡು ಸೇರಿಸಿ ಕಟ್ಟುವುದು, ಅದೊಂದರ ಮೇಲೆಯೇ ಎಂದು ನಿಯಮ ಮಾಡಿದಳು. ಲಾಕ್ ಫೈಲ್ ಇಟ್ಟಳು. ಬೇಕಾದ ಎಲ್ಲ ಲೈಬ್ರರಿಗಳ ನಕಲನ್ನು ಆಫೀಸಿನಲ್ಲೇ ಸಂಗ್ರಹಿಸಿದಳು. ಗೋಡೆಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು: ‘ಕೇಳದೆ ಹೊರಗಿನ ಲೈಬ್ರರಿ ಸೇರಿಸಬಾರದು.’

ಯಾರನ್ನು ಕೇಳದೆ? ಅವಳನ್ನು. ನಾನು!

ಕಾರ್ಖಾನೆಯ ಕಬ್ಬಿನ ಅಧಿಕಾರಿ ಆಫೀಸಿಗೆ ಬಂದ ದಿನವೊಂದು ನೆನಪಿದೆ. ನಾನು ಸುಮ್ಮನೆ ಹಾಕಿದ್ದ ಒಂದು ಲೈಬ್ರರಿಯನ್ನು ಅವಳು ಎಲ್ಲರೆದುರು ತೆರೆದು ತೋರಿಸಿದಳು.

“ಅಜಿತ ಸರ್, ಇದನ್ನ ಯಾರ್ ಬರದಾರ ಗೊತ್ತೈತೇನ್ರಿ? ನಾಳೆ ಅಂವ ಒಂದ್ ಸಾಲ ಬದಲ ಮಾಡಿದ್ರ ಐಗಳಿ ರೈತ್ರು ಯಾರನ್ನ ಹಿಡದ ಕೇಳ್ಬೇಕ್ರಿ?”

“ಅಂದ್ರ ಇನ್ನ ಮ್ಯಾಲ ನಾ ಎಲ್ಲಾ ನಿನಗ ಕೇಳಿ ಮಾಡ್ಬೇಕೇನವಾ?” ಎಂದೆ.

“ನನಗ್ಯಾಕ ಕೇಳ್ತೀರಿ? ಫೈಲ್‌ನ್ಯಾಗ ಬರದೈತಿ. ಓದಾಕ ಬರ್ತೈತಲ್ರಿ ನಿಮಗ?”

ಅಧಿಕಾರಿ ನಕ್ಕ. ಪ್ರಕಾಶ ಸರ್ ನಕ್ಕರು. ಆ ನಗು — ಅದನ್ನು ನಾನು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ತಿಂಗಳುಗಟ್ಟಲೆ ನಾಲಿಗೆಯಿಂದ ಮುಟ್ಟುತ್ತಲೇ ಇದ್ದೆ. ನಿಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಗೋದಾಮಿನ ಕೆಲಸ ಬಂದಾಗ, “ಸಾಜಿದಾನ್ನ ಕಳಸ್ರಿ ಸರ್, ಆಕಿ ಭಾಳ ಶಾಣ್ಯಾಕಿ” ಎಂದು ಶಿಫಾರಸು ಮಾಡಿದವನು ನಾನೇ. ಹೊಗಳಿಕೆಯಲ್ಲಿ ಅದನ್ನು ಮೀರಿದ ವಿಷ ನಾನು ಯಾರಿಗೂ ಕೊಟ್ಟಿಲ್ಲ. ಅವಳು ವಾರವಿಡೀ ನಿಪಾಣಿಗೆ ಹೋಗತೊಡಗಿದಳು. ಶನಿವಾರ ಮಾತ್ರ ಚಿಕ್ಕೋಡಿಗೆ ಬರುತ್ತಿದ್ದಳು, ಅದೂ ಮಧ್ಯಾಹ್ನದವರೆಗೆ.

ಕಬ್ಬು ಕಡಿಯುವ ಹಂಗಾಮು ಶುರುವಾಗುವ ಮುಂಚೆ ಕಾರ್ಖಾನೆಯವರು ಹೊಸದೊಂದು ಕೇಳಿದರು. ಹೊಲಹೊಲ ತಿರುಗುವ ತಮ್ಮ ಫೀಲ್ಡ್‌ಮನ್‌ಗಳ ಮೊಬೈಲಿನಲ್ಲಿ ಪ್ರತಿ ಹೊಲದ ನಕ್ಷೆ ಕಾಣಬೇಕು. ನಾನು ಒಂದು ನಕ್ಷೆಯ ಲೈಬ್ರರಿ ತಂದೆ. ಬಿಲ್ಡ್ ಮುರಿದುಬಿತ್ತು. ಈ ಹೊಸ ಲೈಬ್ರರಿಗೆ, ತಾರೀಖು ಓದುವ ಲೈಬ್ರರಿಯ ಹೊಸ ನಂಬರು ಬೇಕು. ಸಾಜಿದಾಳ ಲಾಕ್ ಫೈಲಿನಲ್ಲಿ ಹಳೆಯ ನಂಬರು. ಎರಡೂ ಒಂದಕ್ಕೊಂದು ಒಪ್ಪುತ್ತಿಲ್ಲ. ಸರಿಯಾದ ದಾರಿ ನನಗೆ ಗೊತ್ತಿತ್ತು: ಹಳೆಯದಕ್ಕೆ ಹೊಂದುವ ನಕ್ಷೆಯ ಲೈಬ್ರರಿ ಹುಡುಕುವುದು, ಇಲ್ಲವೇ ತಾರೀಖಿನ ಲೈಬ್ರರಿಯಲ್ಲಿ ಏನೇನು ಬದಲಾಗಿದೆ ಎಂದು ಓದಿ, ಒಂದೊಂದಾಗಿ ಪರೀಕ್ಷಿಸುವುದು. ಅಥವಾ ಅವಳಿಗೊಂದು ಫೋನು. ನಿಪಾಣಿಗೆ ಹೋಗುವ ಮುಂಚೆ ಹೇಳಿದ್ದಳು ಕೂಡ — “ಬಿಲ್ಡ್‌ಗೆ ಕೈ ಹಚ್ಚೂಕಿಂತ ಮುಂಚೆ ನನಗೊಂದ್ ಫೋನ್ ಮಾಡ್ರಿ ಸರ್.”

ಆ ಶನಿವಾರ ಅವಳು ಒಂದೂವರೆಯ ಬಸ್ಸಿಗೆಂದು ಹೊರಟುಹೋದಳು. ಅವಳು ಮೆಟ್ಟಿಲಿಳಿಯುವ ಸಪ್ಪಳ ಕೇಳುತ್ತ ನಾನು ಕೂತಿದ್ದೆ. ಕೂಗಿ ಕರೆಯಬಹುದಾಗಿತ್ತು. ಕರೆಯಲಿಲ್ಲ. ಒಂದು ತಾಸಿನ ನಂತರ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಲಾಕ್ ಫೈಲನ್ನು ಅಳಿಸಿದೆ. ಯಾವ ಯಾವ ಲೈಬ್ರರಿ ಬೇಕೆಂದು ಬರೆದಿದ್ದ ಇನ್ನೊಂದು ಪಟ್ಟಿಯಲ್ಲಿ, ತಾರೀಖಿನ ಲೈಬ್ರರಿಯ ನಂಬರಿದ್ದ ಜಾಗಕ್ಕೆ ಒಂದು ಸ್ಟಾರ್ ಗುರುತು ಹಾಕಿದೆ. ಅದರ ಅರ್ಥ — ಯಾವುದಾದರೂ ಸರಿ, ಎಲ್ಲಕ್ಕಿಂತ ಹೊಸದನ್ನು ತಾ. ಬಿಲ್ಡ್ ಒಂದೇ ಏಟಿಗೆ ಪಾಸಾಯಿತು. ನಕ್ಷೆ ಬಂತು. ನಾಲ್ಕಾರು ಹೊಲ ತೆರೆದು ನೋಡಿದೆ. ನಾಟಿಯ ತಾರೀಖು ಇಪ್ಪತ್ತು, ಹದಿನೇಳು, ಇಪ್ಪತ್ತೈದು — ಎಲ್ಲ ಸರಿ. ಬೋರ್ಡಿನ ಮೇಲಿದ್ದ ಅವಳ ಅಕ್ಷರ ನೋಡಿ ನಕ್ಕೆ. ಹೌದು, ನಕ್ಕೆ.

ಆ ಕಂಪ್ಯೂಟರಿನಲ್ಲಿ ಏನು ಬದಲಿಸಿದರೂ ಸಾಜಿದಾಳ ಹೆಸರಿನಲ್ಲೇ ದಾಖಲಾಗುತ್ತದೆ ಎಂಬುದು ಆ ಹೊತ್ತಿಗೆ ನನ್ನ ತಲೆಯಲ್ಲಿರಲಿಲ್ಲ. ಅದನ್ನು ಎಬ್ಬಿಸಿದವಳು ಅವಳು, ಅವಳ ಲಾಗಿನ್‌ನಲ್ಲೇ ಎಲ್ಲರೂ ಬಳಸುತ್ತಿದ್ದೆವು. ಈ ಮಾತನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಆಮೇಲೆ ತಲೆಗೆ ಬಂತು. ಬಂದಾಗ ನಾನು ಮಾಡಿದ್ದೇನು ಎಂಬುದೇ ಈ ಬರಹ.

ನವೆಂಬರಿನಲ್ಲಿ ಕಾಗವಾಡದಿಂದ ನಮ್ಮಣ್ಣ ಫೋನು ಮಾಡಿದ. “ಏನ್ ಜಾದೂ ಮಾಡಿದ್ಯಲೇ ಅಜಿತ್ಯಾ? ನಮ್ಮ ಪಾಳಿ ಬಂದೈತಿ! ನಾಡಿದ್ದ ಗ್ಯಾಂಗ್ ಬರ್ತೈತಂತ.”

ನಮ್ಮ ಕಬ್ಬು ಹಿಂದಿನ ವರ್ಷದ ಅಕ್ಟೋಬರ್ ಮೂರಕ್ಕೆ ಹಚ್ಚಿದ್ದು, ಅಂದರೆ ನಾಟಿ ಮಾಡಿದ್ದು. ಪಾಳಿ ಬರಬೇಕಾದದ್ದು ಜನವರಿ ಹೊತ್ತಿಗೆ. ಪಟ್ಟಿ ತೆರೆದೆ. ನಮ್ಮ ಹೊಲದ ಮುಂದೆ ಮಾರ್ಚ್ ಹತ್ತು ಎಂದಿತ್ತು. ಮೂರನೇ ತಾರೀಖು ಹತ್ತನೇ ತಿಂಗಳು ಅನ್ನುವುದು, ಮೂರನೇ ತಿಂಗಳು ಹತ್ತನೇ ತಾರೀಖು ಆಗಿತ್ತು. ಹೊಸ ಲೈಬ್ರರಿ ತಿಂಗಳನ್ನು ಮೊದಲು ಓದುತ್ತಿತ್ತು. ಹನ್ನೆರಡಕ್ಕಿಂತ ದೊಡ್ಡ ತಾರೀಖಾದರೆ ತಿಂಗಳಾಗಲಾರದೆಂದು ತಾನೇ ತಿದ್ದಿಕೊಂಡು ಸರಿಯಾಗಿ ಓದುತ್ತಿತ್ತು. ಹನ್ನೆರಡರ ಒಳಗಿನದ್ದನ್ನೆಲ್ಲ ಅದಲುಬದಲು ಮಾಡುತ್ತಿತ್ತು. ಕೆಲವರ ಕಬ್ಬು ತಿಂಗಳುಗಟ್ಟಲೆ ಹಳೆಯದಾಗಿ ಪಟ್ಟಿಯ ತಲೆಗೆ ಏರಿತ್ತು. ಕೆಲವರ ಕಬ್ಬು ಈಗಷ್ಟೇ ನೆಟ್ಟಂತಾಗಿ ಪಟ್ಟಿಯಿಂದಲೇ ಬಿದ್ದುಹೋಗಿತ್ತು.

ಎಲ್ಲ ತಿಳಿಯಲು ಅರ್ಧ ತಾಸು ಸಾಕಾಯಿತು. ತಿದ್ದಲು ಇನ್ನರ್ಧ ತಾಸು ಸಾಕಿತ್ತು. ಆದರೆ ಹಂಗಾಮಿನ ನಡುವೆ ಪಟ್ಟಿ ಬದಲಿಸಬೇಕೆಂದರೆ ಕಾರ್ಖಾನೆಗೆ ಕಾರಣ ಹೇಳಬೇಕು. ಕಾರಣವೆಂದರೆ ನಾನು. ಅಣ್ಣನ ಹೊಲಕ್ಕೆ ಹೊರಟ ಗ್ಯಾಂಗನ್ನು ವಾಪಸ್ಸು ಕರೆಸಬೇಕು. ಅದನ್ನು ಅಣ್ಣನಿಗೂ ಹೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ — ಸಾಜಿದಾ ಹೇಳಿದ್ದೇ ಸರಿ ಎಂದು ಸಾಜಿದಾಳ ಎದುರೇ ಹೇಳಬೇಕು. ನಾನು ಕಂಪ್ಯೂಟರ್ ಆರಿಸಿ ಚಹಾ ಕುಡಿಯಲು ಹೋದೆ. ಬಹಳ ಜನರಿಗೇನೂ ಆಗಿರಲಿಕ್ಕಿಲ್ಲ ಎಂದುಕೊಂಡೆ. ಎಷ್ಟು ಜನರಿಗೆ ಆಗಿದೆ ಎಂದು ನೋಡುವುದು ಒಂದು ಗುಂಡಿ ಒತ್ತುವಷ್ಟು ಸುಲಭವಿತ್ತು. ಒತ್ತಲಿಲ್ಲ.

ನಮ್ಮ ಕಬ್ಬು ಹೋಯಿತು. ಅಣ್ಣ ಆ ಹೊಲದಲ್ಲಿ ಕಡಲೆ ಬಿತ್ತಿದ. ನಾನು ಮೂರು ತಿಂಗಳು ಸುಮ್ಮನಿದ್ದೆ.

ಫೆಬ್ರವರಿಯ ಕೊನೆಗೆ ಕಟಾವು ಮುಗಿಯುತ್ತ ಬಂದಿತ್ತು. ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಐಗಳಿಯಿಂದ ಹತ್ತು ಹದಿನೈದು ಜನ ಮೆಟ್ಟಿಲು ಹತ್ತಿ ಬಂದರು. ಮುಂದೆ ಸುವರ್ಣಕ್ಕ. ಐವತ್ತು ದಾಟಿದ ಹೆಂಗಸು, ಗಂಡ ಸತ್ತ ಮೇಲೆ ತಾನೇ ನಿಂತು ಕಬ್ಬು ಬೆಳೆಯುವವಳು. ಕೈಯಲ್ಲಿ ಆಳೆತ್ತರದ ಒಂದು ಕಬ್ಬು, ಅದರ ನೆತ್ತಿಯಲ್ಲಿ ಬೆಳ್ಳಗೆ ಗರಿಬಿಚ್ಚಿದ ಹೂವು. ನಮ್ಮ ಕಡೆ ಅದಕ್ಕೆ ತುರಾಯಿ ಎನ್ನುತ್ತಾರೆ. ತುರಾಯಿ ಬಂದ ಕಬ್ಬು ಒಳಗೆ ಬೆಂಡಾಗುತ್ತ ಹೋಗುತ್ತದೆ. ಅವಳು ಅದನ್ನು ನನ್ನ ಕೀಬೋರ್ಡಿನ ಮೇಲೆ ಅಡ್ಡ ಇಟ್ಟಳು.

“ನನ್ನ ಕಬ್ಬ ಇನ್ನಾ ಮೂರ ತಿಂಗಳದ್ದಂತ. ಫೀಲ್ಡ್‌ಮನ್ ಮೊಬೈಲ್‌ದಾಗ ತೋರಸ್ಯಾನ. ಮೂರ ತಿಂಗಳ ಕಬ್ಬಿಗೆ ತುರಾಯಿ ಬರ್ತೈತೇನಲೇ? ನಾ ಜನವರಿ ಹನ್ನೊಂದಕ್ಕ ಹಚ್ಚೀನಿ. ನನ್ನ ಹೊಲ್ದಾಗ ನಾ ಯಾವಾಗ ಹಚ್ಚೀನಿ ಅಂತ ನನಗ ಹೇಳಾಕ ನೀವ್ಯಾರಲೇ?”

ಹನ್ನೊಂದನೇ ತಾರೀಖು, ಒಂದನೇ ತಿಂಗಳು. ಲೈಬ್ರರಿ ಅದನ್ನು ನವೆಂಬರ್ ಒಂದು ಎಂದು ಓದಿತ್ತು. ಅವಳ ಹಾಗೆಯೇ ಇನ್ನೂ ಹಲವರು ಅವಳ ಹಿಂದೆ ನಿಂತಿದ್ದರು. ಯಾರೋ ಕುರ್ಚಿ ಒದ್ದರು. ಯಾರೋ ಪ್ರಕಾಶ ಸರ್ ಕಾಲರಿಗೆ ಕೈ ಹಾಕಿದರು. ಅಷ್ಟರಲ್ಲಿ ಕಾರ್ಖಾನೆಯ ಕಬ್ಬಿನ ಅಧಿಕಾರಿಯೂ ಬಂದ. ಎಲ್ಲರೆದುರೇ ಪ್ರಕಾಶ ಸರ್ ಮೂಲೆಯ ಕಂಪ್ಯೂಟರ್ ತೆರೆದು, ಯಾವಾಗ ಯಾರು ಏನು ಬದಲಿಸಿದರು ಎಂಬ ದಾಖಲೆ ತೆಗೆದರು. ಶನಿವಾರ ಮಧ್ಯಾಹ್ನ. ಲಾಕ್ ಫೈಲ್ ಅಳಿಸಲಾಗಿದೆ. ಹೆಸರು — ಸಾಜಿದಾ.

ಅವರು ನನ್ನ ಕಡೆ ತಿರುಗಿದರು. “ಅಜಿತ, ಇದು ಸಾಜಿದಾ ಮಾಡಿದ್ದೇನು?”

ನಾನು ಹೌದು ಎನ್ನಲಿಲ್ಲ. ಅಷ್ಟು ಧೈರ್ಯದ ಸುಳ್ಳು ಕೂಡ ನನ್ನಿಂದ ಆಗಲಿಲ್ಲ. ನಾನು ಅಂದದ್ದು ಇಷ್ಟು:

“ಹೆಸರ ಐತಲ್ರಿ ಸರ್.”

ಮೂರು ಮಾತು. ಅದರಲ್ಲಿ ಒಂದೂ ಸುಳ್ಳಲ್ಲ. ಎಷ್ಟೋ ದಿನ ಇದನ್ನೇ ಹೇಳಿಕೊಂಡು ನಾನು ಬದುಕಿದೆ — ಸುಳ್ಳು ಹೇಳಲಿಲ್ಲ, ಇದ್ದದ್ದನ್ನು ಇದೆ ಎಂದೆ — ಎಂದು.

ಗುಂಪಿನಲ್ಲೊಬ್ಬ ಕೇಳಿದ: “ಸಾಜಿದಾ ಅಂದ್ರ? ಕುಡಚ್ಯಾಕೀನ?”

ಕೋಣೆಯ ಗಾಳಿಯೇ ಬದಲಾಯಿತು. ಆ ತನಕ ಅವರ ಸಿಟ್ಟು ಕಂಪ್ಯೂಟರಿನ ಮೇಲಿತ್ತು, ಕಾರ್ಖಾನೆಯ ಮೇಲಿತ್ತು. ಈಗ ಅದಕ್ಕೊಂದು ಊರು ಸಿಕ್ಕಿತು, ಒಂದು ಜಾತಿ ಸಿಕ್ಕಿತು. “ಹಂಗಾರ ಬೇಕಂತಲೇ ಮಾಡ್ಯಾಳ,” ಎಂದ ಇನ್ನೊಬ್ಬ. ಸುವರ್ಣಕ್ಕನೂ ತಲೆಯಾಡಿಸಿದಳು. ಬೇಕಂತ ಯಾರು ಯಾಕೆ ಮಾಡುತ್ತಾರೆ, ಅವಳೂ ಕೃಷ್ಣೆಯ ನೀರು ಕುಡಿದು ಬೆಳೆದವಳು, ಅವಳಣ್ಣನ ಟ್ರ್ಯಾಕ್ಟರುಗಳೇ ಈ ಕಾರ್ಖಾನೆಗೆ ಕಬ್ಬು ಹೊರುತ್ತವೆ — ಇಷ್ಟನ್ನಾದರೂ ನಾನು ಹೇಳಬಹುದಿತ್ತು. ನಾನು ಕೀಬೋರ್ಡಿನ ಮೇಲಿನ ಕಬ್ಬನ್ನು ನೋಡುತ್ತ ನಿಂತೆ. ಮನಸ್ಸಿನಲ್ಲಿ ಒಂದು ತಣ್ಣನೆಯ ಸಮಾಧಾನ ಇಳಿಯುತ್ತಿತ್ತು. ಅದನ್ನು ಮುಚ್ಚಿಟ್ಟು ಹೇಳಿದರೆ ಇದು ಮತ್ತೊಂದು ಸುಳ್ಳಾಗುತ್ತದೆ.

ಮರುದಿನ ಅವಳನ್ನು ನಿಪಾಣಿಯಿಂದ ಕರೆಸಿದರು. ದಾಖಲೆ ನೋಡಿದಳು. ಒಂದು ಕ್ಷಣವೂ ತಡೆಯಲಿಲ್ಲ.

“ಶನಿವಾರ ನಾ ಒಂದೂವರಿ ಬಸ್ಸಿಗೆ ಹೋಗೇನ್ರಿ. ಇದರಾಗ ಎರಡೂವರಿ ಐತಿ.” ಆಮೇಲೆ ನನ್ನತ್ತ ತಿರುಗಿದಳು. “ಅಜಿತ ಸರ್, ನೀವ್ ಇಲ್ಲೇ ಇದ್ರಿ. ನಾ ಹ್ವಾದ ಮ್ಯಾಲ ಈ ಕಂಪ್ಯೂಟರ್ ಮುಂದ ಯಾರ್ ಕುಂತಿದ್ರು?”

“ನನಗ ನೆನಪಿಲ್ಲ,” ಎಂದೆ.

ಅದು ಸುಳ್ಳು.

ಲಾಗಿನ್ ನಿನ್ನದು, ಜವಾಬ್ದಾರಿಯೂ ನಿನ್ನದು, ಕೆಲಸ ಬಿಡು ಎಂದರು ಪ್ರಕಾಶ ಸರ್. ಹೊರಗೆ ಜನ ಕಾಯುತ್ತಿದ್ದಾರೆ, ಯಾರನ್ನಾದರೂ ತೋರಿಸಬೇಕು — ಅದೂ ಅವರ ಮುಖದಲ್ಲಿತ್ತು. ಸಾಜಿದಾ ಅಳಲಿಲ್ಲ, ಕೂಗಾಡಲಿಲ್ಲ. “ಬರದ ಕೊಡ್ರಿ,” ಎಂದಳು. “ಯಾಕ ತಗದ್ರಿ ಅಂತ ಕಾರಣಾ ಬರದ, ಸಹಿ ಮಾಡಿ ಕೊಡ್ರಿ.” ಆಮೇಲೆ ಬರೆದುಕೊಡುತ್ತೇನೆ ಎಂದರು ಅವರು. ಅವಳು ಮೇಜಿನ ಮುಂದೆ ನಿಂತೇ ಇದ್ದಳು. ಕೊನೆಗೆ ಬರೆದುಕೊಡಲೇಬೇಕಾಯಿತು. ಅದರ ನಕಲು ಕಾರ್ಖಾನೆಗೂ ಹೋಯಿತು. ಕಾರ್ಖಾನೆಯಿಂದ ಯಾರೋ ಅದರ ಫೋಟೋ ತೆಗೆದರು. ಸಂಜೆಯೊಳಗೆ ಅಥಣಿ, ಕಾಗವಾಡ, ರಾಯಬಾಗದ ಮೊಬೈಲುಗಳಲ್ಲೆಲ್ಲ ಅವಳ ಹೆಸರು ಹರಿದಾಡಿತು. ಅದರ ಕೆಳಗೆ ಜನ ಏನೇನು ಬರೆದರು ಎಂಬುದನ್ನು ಇಲ್ಲಿ ಬರೆಯಲಾರೆ.

ಮುಂದಿನ ಹಂಗಾಮಿಗೆ ಅವಳಣ್ಣ ಇರ್ಫಾನನ ಎರಡು ಟ್ರ್ಯಾಕ್ಟರುಗಳನ್ನು ಕಾರ್ಖಾನೆ ತೆಗೆದುಕೊಳ್ಳಲಿಲ್ಲ. ಈ ಭಾಗದಲ್ಲಿ ಅವಳಿಗೆ ಯಾರೂ ಕೆಲಸ ಕೊಡಲಿಲ್ಲ. ಅವಳು ಕುಡಚಿಯಲ್ಲೇ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಪಾಠ ಶುರುಮಾಡಿದಳು ಎಂದು ಕೇಳಿದೆ.

ನಾನೇನು ಮಾಡಿದೆ? ಲಾಕ್ ಫೈಲನ್ನು ಮತ್ತೆ ತಂದಿಟ್ಟೆ. ಸ್ಟಾರ್ ತೆಗೆದು ನಂಬರು ಹಾಕಿದೆ. ಕೇಳದೆ ಯಾವ ಲೈಬ್ರರಿಯೂ ಒಳಬರಬಾರದು ಎಂದು ನಿಯಮ ಬರೆದೆ — ಒಂದಕ್ಷರ ಬಿಡದೆ ಅವಳ ನಿಯಮ, ಕೆಳಗೆ ನನ್ನ ಸಹಿ. ಕಾರ್ಖಾನೆಯವರು ಮೆಚ್ಚಿದರು. ಅಜಿತ ಸರ್ ಕೈಗೆ ಬಂದ ಮೇಲೆ ಶಿಸ್ತು ಬಂತು ಎಂದರು. ನಾನು ಅದನ್ನೂ ಕೇಳಿಸಿಕೊಂಡೆ, ತಲೆಬಾಗಿ ನಮಸ್ಕಾರವನ್ನೂ ಮಾಡಿದೆ.

ಹೀಗೆ ಮೂರು ವರ್ಷ. ಇನ್ನೂ ಹೀಗೇ ಹೋಗುತ್ತಿತ್ತೋ ಏನೋ — ಒಳಗಿನಿಂದ ಏನೂ ನನ್ನನ್ನು ಕುಟುಕಿ ಎಬ್ಬಿಸಲಿಲ್ಲ, ಆ ಹಿರಿಮೆ ನನಗೆ ಬೇಡ. ಈ ಬೇಸಿಗೆಯಲ್ಲಿ ಕಾಗವಾಡಕ್ಕೆ ಹೋಗಿದ್ದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅತ್ತಿಗೆಯ ಕೈಜಾರಿ ಮೊಸರಿನ ಪಾತ್ರೆ ಉರುಳಿತು. “ಅಯ್ಯ, ಸಾಜಿದಾ ಮಾಡಿಟ್ನಿ ನೋಡ್ರಿ!” ಎಂದಳು. ಎಲ್ಲರೂ ನಕ್ಕರು. ಅಣ್ಣ ನಕ್ಕ. ನನ್ನ ಬಾಯಿಂದಲೂ ನಗು ಬಂತು — ಬಂದ ಮೇಲೆ ತಿಳಿಯಿತು, ಯಾತಕ್ಕೆ ನಗುತ್ತಿದ್ದೇನೆ ಎಂದು. “ಹಂಗಂದ್ರೇನು ವೈನಿ?” ಎಂದು ಕೇಳಿದೆ. ಈಗ ಎಲ್ಲಾರೂ ಹಂಗ ಅಂತಾರ, ಕೆಲಸ ಕೆಡಿಸಿದ್ರ ಸಾಜಿದಾ ಮಾಡಿದ್ರು ಅಂತಾರ, ಹೊಲಕ್ಕ ಬರೂ ಹೆಣ್ಣಾಳುಗಳಿಂದ ಕಲ್ತೆ ಎಂದಳು ಅತ್ತಿಗೆ. ಅವಳಿಗೆ ಅದು ವ್ಯಕ್ತಿಯೊಬ್ಬಳ ಹೆಸರು ಎಂಬುದೇ ಮರೆತುಹೋಗಿತ್ತು.

ಒಂದು ಹೆಣ್ಣಿನ ಹೆಸರನ್ನು ನಾನು ಬೈಗುಳ ಮಾಡಿ ಊರಿಗೆ ಹಂಚಿದ್ದೆ. ಊಟ ಅರ್ಧಕ್ಕೆ ಬಿಟ್ಟೆದ್ದೆ. ಕೈತೊಳೆದೆ.

ಮರುದಿನ ಪ್ರಕಾಶ ಸರ್ ಮುಂದೆ ಎಲ್ಲ ಹೇಳಿದೆ. “ಸತ್ತ ಹಾವ ಯಾಕ ಹೊಡೀತಿ ಮಾರಾಯಾ?” ಎಂದರು ಅವರು. ಸತ್ತಿಲ್ಲ ಸರ್, ಕುಡಚಿಯಲ್ಲಿದ್ದಾಳೆ ಎಂದೆ. ಅವರಿಗೆ ಸಿಟ್ಟು ಬಂತು. ಹೊರಗೆ ಬಾಯಿ ಬಿಟ್ಟರೆ ನಾಳೆಯಿಂದ ಬರಬೇಡ ಎಂದರು. ಅಲ್ಲಿಂದಲೇ ಕುಡಚಿಗೆ ಹೊರಟೆ.

ಬಾಗಿಲು ತೆರೆದವನು ಇರ್ಫಾನ. ನನ್ನ ಹೆಸರು ಕೇಳಿದೊಡನೆ ಬಾಗಿಲಿಗೆ ಅಡ್ಡ ನಿಂತ. ಒಳಗೆ ಬಾ ಎನ್ನಲಿಲ್ಲ. ಸಾಜಿದಾ ಹೊಸ್ತಿಲಿಗೆ ಬಂದಳು. ಒಳಗೆ ಮಕ್ಕಳು ಕೀಬೋರ್ಡು ಕುಟ್ಟುವ ಸಪ್ಪಳ. ನಾನು ಬೀದಿಯಲ್ಲೇ ನಿಂತು ಹೇಳಿದೆ — ಶನಿವಾರ, ಸ್ಟಾರ್, ಎಲ್ಲ. ಅವಳು ಪೂರ್ತಿ ಕೇಳಿದಳು.

“ನನಗ ಅವತ್ತೇ ಗೊತ್ತಾತ್ರಿ. ನಂಬರ್ ಜಾಗಾದಾಗ ಸ್ಟಾರ್ ಹಾಕೂ ಮಂದಿ ಆ ಆಫೀಸಿನ್ಯಾಗ ಒಬ್ಬರ ಇದ್ರು.”

“ತಪ್ಪಾತು. ಕ್ಷಮಾ ಕೇಳಾಕ ಬಂದೇನಿ.”

“ಅದು ನಿಮಗ ಬೇಕಾಗೈತಿ. ನನಗೇನ್ ಬೇಕಾಗಿಲ್ಲ. ಮೂರ ವರ್ಷ ಬಿಟ್ಟು, ನನಗ ಗೊತ್ತಿದ್ದ ಮಾತು ನನಗ ಹೇಳಾಕ ಬಂದೀರಿ? ಗೊತ್ತಿಲ್ಲದವ್ರಿಗೆ ಹೋಗಿ ಹೇಳ್ರಿ.”

ಬಾಗಿಲು ಹಾಕಿಕೊಂಡಿತು.

ವಾಪಸ್ಸು ಬರುವಾಗ ನನಗೆ ಸಿಟ್ಟು ಬಂದಿತ್ತು ಎಂದರೆ ನಂಬುತ್ತೀರಾ? ಇಷ್ಟು ದೂರ ಬಂದವನಿಗೆ ಒಂದು ಲೋಟ ನೀರು ಕೊಡಲಿಲ್ಲ, ಎಂಥ ಸೊಕ್ಕು — ಎಂದು ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಕೂತಿದ್ದೆ. ರಾಯಬಾಗ ದಾಟುವ ಹೊತ್ತಿಗೆ ಸಿಟ್ಟು ಇಳಿದು ಅವಳ ಮಾತು ಮಾತ್ರ ಉಳಿಯಿತು. ನಾನು ಕುಡಚಿಗೆ ಹೋದದ್ದು ಯಾಕೆ? ಅಲ್ಲಿ ಹೇಳುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಕೇಳುವವರು ಇಬ್ಬರು. ಹೊರಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮರುವಾರ ಐಗಳಿಗೆ ಹೋದೆ. ಸುವರ್ಣಕ್ಕ ಹೊಲದಲ್ಲಿ ಕಬ್ಬಿನ ರವದಿ, ಒಣಗಿದ ಗರಿ, ಸುಲಿಯುತ್ತಿದ್ದಳು. ಜೊತೆಗೆ ಐದಾರು ಜನ. ನಾನು ಯಾರೆಂದು ಅವಳಿಗೆ ಗುರುತು ಸಿಗಲಿಲ್ಲ; ಹೇಳಿದೆ. ಮಾಡಿದ್ದನ್ನೂ ಹೇಳಿದೆ. ಒಬ್ಬ ಕೈಯಲ್ಲಿದ್ದ ಕುಡಗೋಲು ಕೆಳಗಿಟ್ಟು ನನ್ನ ಅಂಗಿ ಹಿಡಿದ. ಸುವರ್ಣಕ್ಕ ಅವನ ಕೈ ತೆಗೆಸಿದಳು. ಮುಖ ಒರೆಸಿಕೊಂಡಳು. ಆಮೇಲೆ, ಯಾರೂ ಈ ತನಕ ಕೇಳದೆ ಇದ್ದ ಒಂದು ಪ್ರಶ್ನೆ ಕೇಳಿದಳು. ಕಬ್ಬು ಬೆಳೆದವಳಿಗಲ್ಲದೆ ಬೇರೆ ಯಾರಿಗೂ ಹೊಳೆಯದ ಪ್ರಶ್ನೆ.

“ನಿಮ್ಮದೂ ಕಬ್ಬ ಐತೇನು?”

“ಐತಿ. ಕಾಗವಾಡದಾಗ.”

“ಆ ವರ್ಷ ನಿಮ್ಮ ಕಬ್ಬ ಯಾವಾಗ ಹೋತು?”

ಇದನ್ನು ನಾನು ಪ್ರಕಾಶ ಸರ್‌ಗೆ ಹೇಳಿರಲಿಲ್ಲ. ಕುಡಚಿಯಲ್ಲಿ ಹೇಳಿರಲಿಲ್ಲ. ಇಲ್ಲಿಯೂ ಹೇಳಬೇಕೆಂದಿರಲಿಲ್ಲ.

“ನವೆಂಬರ್‌ದಾಗ.”

“ಹಚ್ಚಿದ್ದು?”

“ಅಕ್ಟೋಬರ್ ಮೂರು.”

ಅವಳು ಬೆರಳು ಮಡಿಸಲೂ ಇಲ್ಲ. “ಅಂದ್ರ ನವೆಂಬರ್‌ದಾಗ ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ನನ್ನ ಕಬ್ಬಿಗೆ ಆಗಿನ್ನಾ ತುರಾಯಿ ಬಂದಿದ್ದಿಲ್ಲ.”

ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು — ಅದೂ ನನ್ನ ಅನುಕೂಲಕ್ಕೇ. ಅವಳು ಬದುವಿನ ಮೇಲೆ ಕೂತಳು. ಮಾತಾಡಿದಾಗ ಅವಳ ದನಿ ಆಫೀಸಿಗೆ ಬಂದ ದಿನದ ಹಾಗೆ ಏರಲಿಲ್ಲ.

“ಕಬ್ಬ ಹೋತು, ಹೋಗ್ಲಿ. ಮುಂದಿನ ವರ್ಷ ಮತ್ತ ಬೆಳದ್ವಿ. ಆದ್ರ ಆ ಹುಡುಗೀಗೆ ನಾ ಏನೇನ್ ಅಂದೀನಿ ಗೊತ್ತೈತೇನ್ ನಿನಗ? ಈ ಬಾಯಿಲೇ ಅಂದೀನಿ. ಸಂತ್ಯಾಗ ನಿಂತ ಅಂದೀನಿ. ಆಕಿ ಅಣ್ಣನ ಟ್ಯಾಕ್ಟರ್ ತಗೀರಿ ಅಂತ ಅರ್ಜಿ ಕೊಟ್ರಲ್ಲ, ಅದಕ್ಕ ಮೊದಲ ಹೆಬ್ಬಟ್ಟ ಒತ್ತಿದಾಕಿ ನಾನ. ನನ್ನ ಕೈಲೇ ಪಾಪ ಮಾಡಿಸಿದ್ಯಲ್ಲೋ. ಅದನ್ನ ಯಾವ ಹಂಗಾಮಿಗೆ ಕಡದ ಕಳಸ್ಲಿ ನಾ?”



ಮರುದಿನ ಸುವರ್ಣಕ್ಕ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಕುಡಚಿಗೆ ಹೋದಳು. ನಾನೂ ಬರಲೇ ಎಂದು ಫೋನಿನಲ್ಲಿ ಕೇಳಿದ್ದೆ. “ನೀ ಬ್ಯಾಡ,” ಎಂದಳು. “ನಿನ್ನ ಜೋಡಿ ಹ್ವಾದ್ರ ನಿನ್ನ ಕಡೀ ಮಂದಿ ಅಂತ ತಿಳಕೋತಾಳ ಆಕಿ.” ಅಲ್ಲಿ ಏನು ಮಾತಾಯಿತು, ಬಾಗಿಲು ತೆರೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರೂ ಹೇಳಲಿಲ್ಲ. ಕೇಳುವ ಹಕ್ಕೂ ನನಗಿಲ್ಲ.

ಕಾರ್ಖಾನೆಗೆ ಪತ್ರ ಕೊಟ್ಟಿದ್ದೇನೆ. ಲಾಕ್ ಫೈಲ್ ಅಳಿಸಿದ್ದು ನಾನು, ನವೆಂಬರಿನಲ್ಲಿ ತಿಳಿದೂ ಮುಚ್ಚಿಟ್ಟದ್ದು ನಾನು, ಕೆಲಸದಿಂದ ತೆಗೆದ ಪತ್ರದಲ್ಲಿ ಸಾಜಿದಾಳ ಬಗ್ಗೆ ಬರೆದದ್ದು ಸುಳ್ಳು ಎಂದು ಸಹಿ ಮಾಡಿ ಬರೆದಿದ್ದೇನೆ. ಇರ್ಫಾನನ ಟ್ರ್ಯಾಕ್ಟರುಗಳ ವಿಷಯ ಅವರು ಇನ್ನೂ ಏನೂ ತೀರ್ಮಾನಿಸಿಲ್ಲ. ಚಿಕ್ಕೋಡಿಯ ಕೆಲಸ ಹೋಯಿತು. ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದಾನೆ. ಮನೆಯ ಕಬ್ಬಿನ ಮಾತನ್ನು ಐಗಳಿಯಲ್ಲಿ ಯಾಕೆ ಹೇಳಿದೆ ಎಂಬುದು ಅವನ ಸಿಟ್ಟು, ಕಬ್ಬು ಯಾಕೆ ಮೊದಲು ಹೋಯಿತು ಎಂಬುದಲ್ಲ.

ಈ ಬರಹವನ್ನು ನಾಳೆ ಅಥಣಿಯಲ್ಲಿ, ಹಂಗಾಮಿನ ಮುಂಚಿನ ರೈತರ ಸಭೆಯಲ್ಲಿ ಓದುತ್ತೇನೆ. ಫೋಟೋ ತೆಗೆದುಕೊಳ್ಳುವವರು ತೆಗೆದುಕೊಳ್ಳಲಿ. ಅವಳ ಹೆಸರು ಹೋದ ಮೊಬೈಲುಗಳಿಗೆಲ್ಲ ನನ್ನ ಹೆಸರೂ ಹೋಗಲಿ. ಅಲ್ಲಿಂದ ರಾಯಬಾಗ. ಆಮೇಲೆ ಕಾಗವಾಡ — ಅತ್ತಿಗೆಗೆ ಆ ಮಾತು ಕಲಿಸಿದ ಹೆಣ್ಣಾಳುಗಳು ಸೇರುವ ಕಟ್ಟೆಯ ಹತ್ತಿರ, ನಮ್ಮ ಮನೆಗೆ ಕೇಳುವಷ್ಟು ಗಟ್ಟಿಯಾಗಿ. ಅಣ್ಣ ಬಾಗಿಲು ಹಾಕಿಕೊಂಡರೂ ಓದುತ್ತೇನೆ.